ಮುಂಗಾಲು

ಗಾಡಿ ಮೊದಲು ನನ್ನದಲ್ಲ. ಮಾದಾಪುರದ ಹುಡುಗನೊಬ್ಬ
ಕೆಸರಿನ ರ‍್ಯಾಲಿಗೆಂದು ನಾಲ್ಕಿಂಚು ಎತ್ತಿಸಿ,
ಒಂದೇ ಮಳೆಗಾಲ ಮೆರೆದು, ಮದುವೆ ಗೊತ್ತಾದದ್ದೇ ಮಾರಿದ.
ಹತ್ತಲು ಹಾಲಿನ ಕ್ರೇಟೊಂದು ಕವುಚಿಕೊಳ್ಳುತ್ತೇನೆ,
ಐವತ್ತಮೂರರ ಮಂಡಿ ಇದು.

ಎತ್ತರವೇನೋ ಸೈ. ಕಲ್ಲು ತಾಗದು, ತೋಡು ದಾಟುತ್ತದೆ.
ಆದರೆ ಪ್ರತಿ ಗುಂಡಿಗೂ ಮುಂದಿನಿಂದೊಂದು ಢಣ್,
ಕಬ್ಬಿಣ ಕಬ್ಬಿಣವನ್ನು ಬೈಯುವ ಸದ್ದು,
ನನ್ನ ಸೊಂಟ ದಾಟಿ, ಹಿಂಬದಿಯಲ್ಲಿ ಹಗ್ಗ ಬಿಗಿದ
ಇಪ್ಪತ್ತೆರಡು ಜೇನುಪೆಟ್ಟಿಗೆಗಳ ಒಳಹೊಕ್ಕು ಕೂರುತ್ತದೆ.

ಹೋದ ವರ್ಷ ಯವಕಪಾಡಿಯಲ್ಲಿ ಇಳಿಸಿ ಮುಚ್ಚಳ ತೆಗೆದರೆ
ಏಳರಲ್ಲಿ ಎರಿ ಮುರಿದು ಬಿದ್ದಿತ್ತು.
ತಮ್ಮದೇ ತುಪ್ಪದಲ್ಲಿ ಮುಳುಗಿದ್ದವು ಹುಳಗಳು.
ಒಂದರಲ್ಲಿ ರಾಣಿ.
ಉಗುರಿನಿಂದ ಎತ್ತಿ ಅಂಗೈ ಮೇಲಿಟ್ಟು ಊದಿದೆ, ಏಳಲಿಲ್ಲ.

ಈ ಸಲ ಹೂಮಳೆಗೆ ಮೊದಲೇ ನಾಪೋಕ್ಲಿಗೆ ಹೋದೆ, ಮೊಯ್ದುವಿನ ಗ್ಯಾರೇಜಿಗೆ.
ಅವನು ಬಾನೆಟ್ಟು ತೆರೆಯಲೇ ಇಲ್ಲ. ಟಾರ್ಚು ಹಲ್ಲಲ್ಲಿ ಕಚ್ಚಿ
ಕೆಳಗೆ ನುಸುಳಿದ. ಬಹಳ ಹೊತ್ತು ಹವಾಯಿ ಚಪ್ಪಲಿ ಮಾತ್ರ ಕಾಣುತ್ತಿತ್ತು.
"ದೇಚವ್ವಕ್ಕಾ, ಇದು ಎತ್ತಿದ್ದಲ್ಲ, ತುದಿಗಾಲಲ್ಲಿ ನಿಲ್ಲಿಸಿದ್ದು.
ಸ್ಪ್ರಿಂಗಿನ ತಲೆ ಮೇಲೆ ಬಿಲ್ಲೆ ಇಟ್ಟು ಕೈ ತೊಳ್ಕೊಂಡಿದ್ದಾರೆ.
ಶಾಕು ಹಳೇದೇ, ಗಿಡ್ಡ. ಗುಂಡಿಗೆ ಇಳೀಲಿಕ್ಕೆ ಕಾಲು ಚಾಚಬೇಕಲ್ಲ,
ಚಾಚಲಿಕ್ಕೆ ಎಲ್ಲುಂಟು ಜಾಗ?"

ಮೂರು ದಿನ ಅಂದದ್ದು ಆರಾಯಿತು.
ಸ್ಪ್ರಿಂಗು ಬಿಚ್ಚುವಾಗ ಹುಡುಗ ಸಮದನನ್ನು ಹೊರಗೆ ಅಟ್ಟಿದ:
ಒತ್ತಿ ಹಿಡಿದ ಸ್ಪ್ರಿಂಗೆಂದರೆ ಮದ್ದು ತುಂಬಿದ ಕೋವಿ, ಎದುರು ನಿಲ್ಲಬಾರದು.
ಬಿಲ್ಲೆಗಳು ಹೊರಬಂದವು, ಅಕ್ಕಿ ಒಟ್ಟಿಯ ಅಗಲ, ಮೂರು ಬೆರಳು ದಪ್ಪ.
ಕೊಯಮತ್ತೂರಿನಿಂದ ಬಸ್ಸಿನ ಮೇಲೆ ಬಂದವು ಉದ್ದದ ಶಾಕುಗಳು,
ಪಕ್ಕದಲ್ಲಿ ಪುಟ್ಟ ಗ್ಯಾಸಿನ ಸಿಲಿಂಡರನ್ನು ಕೂಸಿನಂತೆ ಕಟ್ಟಿಕೊಂಡು.
ಮೇಲಿನ ತೋಳು ಬದಲಾಯಿತು.
ಓರೆಯಾಗಿ ಸವೆಯುತ್ತಿದ್ದ ಬಾಲ್ ಜಾಯಿಂಟು ಕತ್ತು ನೆಟ್ಟಗೆ ಮಾಡಿತು.
ಹೊಸ ಸ್ಪ್ರಿಂಗು ಮೊದಲು ಮೆತ್ತಗೆ, ಒತ್ತಿದಷ್ಟೂ ಗಟ್ಟಿ,
ನಮ್ಮ ದೊಡ್ಡತ್ತೆಯ ಸ್ವಭಾವ.
ಅಲೈನ್‌ಮೆಂಟಿಗೆ ಮತ್ತೆ ವಿರಾಜಪೇಟೆ.

ದುಡ್ಡು ಅರ್ಧ ಕೊಟ್ಟೆ. ಉಳಿದರ್ಧಕ್ಕೆ ಮೇ ತಿಂಗಳಲ್ಲಿ ಕಾಫಿ ಹೂವಿನ ತುಪ್ಪ.
ಗಾಡಿ ಒಂದಿಂಚು ಇಳಿದಿತ್ತು.
"ಏನಾಂಟಿ, ಕುಗ್ಗಿಬಿಟ್ಟಿತಲ್ಲ!" ಬಸ್‌ಸ್ಟ್ಯಾಂಡಿನ ಹುಡುಗರು.

ಮಾರ್ಚ್ ಹದಿನಾಲ್ಕಕ್ಕೆ ಮಳೆ ಬಿತ್ತು.
ಬಿದ್ದ ಒಂಬತ್ತನೆಯ ದಿನ ತೋಟ ಬೆಳ್ಳಗಾಗುತ್ತದೆ.
ಎಂಟನೆಯ ರಾತ್ರಿ, ಹುಳಗಳೆಲ್ಲ ಒಳಸೇರಿದ ಮೇಲೆ
ಬಾಗಿಲಿಗೆ ಬಲೆ ಬಡಿದು ಹೊರಟೆ.

ಆನೆ ಕಂದಕದ ಪಕ್ಕದ ಇಳಿಜಾರು. ಅಲ್ಲೇ ಆ ಗುಂಡಿ,
ವರ್ಷವೂ ನನ್ನನ್ನು ಹೆಸರು ಹಿಡಿದು ಕರೆಯುವುದು.
ಹಲ್ಲು ಕಚ್ಚಿದೆ.
ಚಕ್ರ ಇಳಿಯಿತು,
ಇನ್ನೂ ಇಳಿಯಿತು,
ಹೊಳೆಗೆ ಇಳಿಯುವ ಮುದುಕಿಯ ಹಾಗೆ ತಳ ತಡವಿ
ಆಚೆ ಹತ್ತಿತು.
ಢಣ್ ಬರಲಿಲ್ಲ.
ಅರ್ಧ ಫರ್ಲಾಂಗು ಹೋದ ಮೇಲೆ ನೋಡಿಕೊಂಡರೆ
ಹಲ್ಲು ಇನ್ನೂ ಕಚ್ಚಿಯೇ ಇದೆ.

ಎಂಜಿನ್ ಆರಿಸಿ, ಇಳಿದು, ಪೆಟ್ಟಿಗೆಗೆ ಕಿವಿಯಿಟ್ಟೆ.
ಪ್ರತಿಸಲ ಏಳುವ ಆ ಸಿಟ್ಟಿನ ಭೋರು ಇಲ್ಲ.
ತಗ್ಗಿದೊಂದು ಗುಂಯ್,
ನಿದ್ದೆಯಲ್ಲಿ ಯಾರೋ ಮಗ್ಗುಲು ಬದಲಿಸಿದಷ್ಟು.
ಹದಿನೇಳನೆಯದರಲ್ಲಿ ಮಾತ್ರ ಗಲಾಟೆ.
ಅದು ಯಾವಾಗಲೂ ಹಾಗೇ, ರಸ್ತೆಯ ತಪ್ಪೇನಿಲ್ಲ.

ಕತ್ತಲಲ್ಲಿ ಮೊಗ್ಗು ಬಿರಿಯುವ ಮುಂಚಿನ ಹಸಿ ವಾಸನೆ.
ಬಾನೆಟ್ಟಿನ ಮೂಲೆಗೆ ಕೈಯೂರಿ ಸುಮ್ಮನೆ ಒತ್ತಿ ನೋಡಿದೆ:
ಒಮ್ಮೆ ತಗ್ಗಿ, ಒಮ್ಮೆ ಎದ್ದು, ನಿಂತಿತು.
ಸೊಂಟದ ನೋವು ಹಾಗೇ ಇದೆ.
ಅದರ ಪಾರ್ಟು ಮೊಯ್ದುವಿನ ಹತ್ತಿರ ಇಲ್ಲವಂತೆ.