ಕೆಸರಿಗೆ ರಸೀದಿ

ಕೆಸರು, ನಾಲ್ಕು ಚೀಲ. ರಸೀದಿ ಇಲ್ಲ.
ಆಡಿಟಿನವರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು.
ಹಣಕಾಸು ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಕೂತವನು,
ಮಣ್ಣಿಗೆ ಬಿಲ್ಲು ಕೇಳಿದ್ದು ಅದೇ ಮೊದಲು.

ಶಾಂಭವಿ ಪ್ರಿಯೋಳ್ಕರ್ ಮೇಡಂ ನಕ್ಕರು:
"ಕಾಂಡ್ಲಾ ಬೇರಿನದು, ಇಳಿತದ ಹೊತ್ತಿಗೆ ಅಗೆದದ್ದು.
ಅದರೊಳಗಿನ ಜೀವಾಣು ಉಪ್ಪಿಗೆ ಬಗ್ಗುವುದಿಲ್ಲ.
ಆರು ಪ್ರಬಂಧ ಅಚ್ಚಾಗಿವೆ.
ಭತ್ತಕ್ಕೆ ಮಾತ್ರ ಇನ್ನೂ ಗೊತ್ತಿಲ್ಲ."

ಭತ್ತಕ್ಕೆ ಗೊತ್ತು ಮಾಡಲೆಂದೇ ವಿಶ್ವವಿದ್ಯಾಲಯ ಕೊಟ್ಟದ್ದು
ಮೂರು ಲಕ್ಷ ಎಂಬತ್ತು ಸಾವಿರ, ಎರಡು ಕಂತು.
ಎರಡನೆಯದು ನನ್ನ ಮೇಜಿನ ಮೇಲೆ
ಪೇಪರ್‌ವೇಟಿನಡಿ ಕೂತಿತ್ತು.

ದಿವಾಡಿಗೆ ಹೋದೆ.
ನಡೆದು ಹತ್ತುವವರಿಗೆ ಫೆರಿ ಪುಕ್ಕಟೆ,
ಹಾಗಾಗಿ ಭತ್ಯೆಯೂ ಇಲ್ಲ.
ಒಡ್ಡು ಒಡೆದು ಮಾಂಡವಿ ನುಗ್ಗಿದ್ದ ಗದ್ದೆ:
ಒಂದು ಮಗ್ಗುಲು ಸುಣ್ಣ ಬಳಿದಂತೆ ಬಿಳಿ,
ಇನ್ನೊಂದರಲ್ಲಿ ಮೊಣಕಾಲೆತ್ತರ ಪೈರು,
ಅಲ್ಲಲ್ಲಿ ಬೋಳು.

ಪರಿಣಾಮ: ಇದೆ / ಇಲ್ಲ,
ಒಂದಕ್ಕೆ ಗೆರೆ ಎಳೆಯಿರಿ, ಅನ್ನುತ್ತದೆ ನಮೂನೆ.
ಕೊನ್ಸೆಸಾಂವ್ ಬಾಯಿಯನ್ನೇ ಕೇಳಿದೆ.
"ಏಡಿಗಳು ತಿರುಗಿ ಬಂದಿವೆ, ಹಾಳಾದವು,
ರಾತ್ರಿಯೆಲ್ಲ ಪೈರು ಕತ್ತರಿಸುತ್ತವೆ.
ಎರಡು ವರ್ಷ ಕತ್ತರಿಸಲಿಕ್ಕೇನಿತ್ತು ಅವಕ್ಕೆ?"
ಬೈದಳು, ಕೊಂಕಣಿಯಲ್ಲಿ, ಬಾಯ್ತುಂಬ;
ಬೈಯುವಾಗ ಮುಖ ಅರಳಿತ್ತು.

ದೋಣಿಯ ಉಲ್ಹಾಸ ಲಾಟರಿ ಚೀಟಿಯ ಬೆನ್ನಿಗೆ
ಬರೆದುಕೊಟ್ಟ: ಕೆಸರು ಸಾಗಣೆ, ಎಂಟುನೂರು.
ನಂಬರು ಹೊಡೆಯದ ಚೀಟಿ.
ಅದನ್ನೇ ಕಡತಕ್ಕೆ ಪಿನ್ನು ಚುಚ್ಚಿ, ಕಂತಿಗೆ ಸಹಿ ಹಾಕಿದೆ.

ಏಡಿಗೆ ಕಾಲಂ ಇರಲಿಲ್ಲ.
ಅಂಚಿನಲ್ಲಿ ಬರೆದೆ, ಪೆನ್ಸಿಲ್ಲಿನಲ್ಲಿ,
ಬೇಕೆಂದರೆ ಅಳಿಸಿಕೊಳ್ಳಲಿ.