ಏಳಕ್ಕೆ ಮಣ್ಣು

ಬರ್ಕಳಿ ಸ್ವಾಮಿ. ಹೆಸರು ಮಾಯಿಗಯ್ಯ,
ಗುತ್ತಲು ರಸ್ತೆ, ಮಂಡ್ಯ. ವಯಸ್ಸು ಎಪ್ಪತ್ತೊಂದು.
ಕಸುಬು ಏನಂತ ಬರೀತೀರಿ?
ಸ್ಟೇಷನ್ನಲ್ಲಿ ನಿಮ್ಮನ್ನ ರೈಟರ್ ಅಂತಾರಲ್ಲ,
ನಾನೂ ಒಂದು ಕಾಲಕ್ಕೆ ಪೇಟೆ ಬೀದಿಗೆ ರೈಟರೇ.
ಓಸಿ ಬರೀತಿದ್ದೆ.

ಬೆರಳಗಲದ ಚೀಟಿ, ಅಡಿಗೆ ಕಾರ್ಬನ್ನು,
ಎಂಟಾಣೆಗೆ ಒಂದಂಕಿ.
ಸಕ್ಕರೆ ಫ್ಯಾಕ್ಟ್ರಿ ಸೈರನ್ ಕೂಗೋ ಹೊತ್ಗೆ
ಕನಸು ಹೇಳೋಕೆ ಸಾಲು ನಿಲ್ಲೋರು.
ಸತ್ತ ಅಪ್ಪ ಬಂದು ನೀರು ಕೇಳಿದ ಅಂದ್ರೆ ನಾಕು,
ಹಾವು ಹೊಸ್ತಿಲು ದಾಟ್ತು ಅಂದ್ರೆ ಒಂಬತ್ತು.
ನಿಮ್ಮೋರ ಬೂಟು ಕೇಳಿಸ್ತು ಅಂದ್ರೆ ಚೀಟಿ ಬಾಯಿಗೆ.
ಎಷ್ಟು ಜನದ ಕನಸು ನುಂಗಿದೀನೋ
ಈ ಹೊಟ್ಟೆಗೇ ಗೊತ್ತು. ಕಾರ್ಬನ್ನು ಕಹಿ ಇರ್ತದೆ.

ನಂಬರು ಬೊಂಬಾಯಿಂದ ಬರ್ಬೇಕಲ್ಲ, ಹೆಂಗೆ ಅಂದ್ರೆ,
ಒಸಿ ತಾಳಿ. ಓಸಿ ಅಲ್ಲ, ಒಸಿ. ಹೇಳ್ತೀನಿ.
ಆಗ ತಂತಿ. ನಮ್ಮ ಧಣಿ ಹಲಗಣ್ಣನ ಉಪಾಯ:
‘ಅಜ್ಜಿ ತೀರಿಕೊಂಡರು, ಐದಕ್ಕೆ ಮಣ್ಣು.’
ಐದು ನಿಜ, ಅಜ್ಜಿ ಸುಳ್ಳು.
ವಾರಕ್ಕೆ ಆರು ಅಜ್ಜಿ ಸಾಯೋರು ಹಲಗಣ್ಣಂಗೆ.
ತಂತಿ ಮಾಸ್ಟ್ರು ತಿರುನಾರಾಯಣ್ರು
ಕನ್ನಡಕ ಒರೆಸ್ಕೊಂಡು ಒಂದಿನ ಕೇಳೇಬಿಟ್ರು,
‘ಎಷ್ಟು ಮದುವೆ ಆಗಿದ್ರಯ್ಯ ನಿಮ್ ತಾತ?’

ಆಮೇಲೆ ಪುಟ್ಟಲಿಂಗಮ್ಮನ ಎಸ್ಟಿಡಿ ಬೂತು.
ಆಯಮ್ಮಂಗೆ ಕಾಲಿಲ್ಲ. ಗಾಜಿನ ಗೂಡಲ್ಲಿ ಕೂತು
ಮಧ್ಯರಾತ್ರಿ ಕ್ಲೋಸ್ ನಂಬರು ಕೇಳ್ಕೊಂಡು
ಶಟರ್ ಮೇಲೆ ಕೋಲಲ್ಲಿ ಬಡಿಯೋಳು.
ಒಂದು, ಎರಡು, ಮೂರು, ಇನ್ನೂ ಇದೆ, ನಾಕು...
ಬೀದಿಗೆ ಬೀದೀನೇ ಕಂಬಳಿ ಒಳಗೆ
ಉಸಿರು ಹಿಡ್ದು ಎಣಿಸೋದು.
ಪೇಜರ್ ಬಂತು, ಹೋಯ್ತು. ಅದನ್ನ ಬರೀಬೇಡಿ,
ನಂದು ಒಂದಿನಾನೂ ಕೂಗ್ಲಿಲ್ಲ.

ಈಗ ಹಲಗಣ್ಣನ ಮೊಮ್ಮಗ, ದಿಗಂತ.
ಮೈಸೂರಲ್ಲಿ ಎಲ್ಲೋ ಏಸಿ ರೂಮಂತೆ.
ಅವನ ಮುಖ ನಾನು ನೋಡಿರೋದು ಎರಡೇ ಸಲ,
ಎರಡು ಸಲಾನೂ ಅಂಗೈಯಗಲದ ಗಾಜಲ್ಲಿ.
ಒಂದು ಫೋನು ಕಳಿಸ್ಕೊಟ್ಟು ಗುಂಪಿಗೆ ಸೇರಿಸ್ದ:
‘ಮುಂಜಾನೆ ಭಜನಾ ಮಂಡಳಿ.’
ನಾನೂರ ಹನ್ನೆರಡು ಜನ. ತಾಳ ಇಲ್ಲ, ತಂಬೂರಿ ಇಲ್ಲ.
ಶುಭೋದಯದ ಚಿತ್ರದಲ್ಲಿ ಎಷ್ಟು ಗುಲಾಬಿಯೋ
ರಾತ್ರಿ ಬಂದ ನಂಬರು ಅಷ್ಟು.
ಒಂದು ದಿನ ಆಯ್ತು ಅಂದ್ರೆ ಎಲ್ಲ ತಾನೇ ಅಳಿಸಿ ಹೋಯ್ತದೆ.
ನುಂಗೋಕೂ ನಾನು ಬೇಡ.

ಕಾರ್ತೀಕದಲ್ಲಿ ನಮ್ಮೋಳು ಹೋದ್ಲು.
ದೊಡ್ಡಾಸ್ಪತ್ರೇಲಿ, ದೀಪ ಹಚ್ಚೋ ಹೊತ್ಗೆ.
ಯಾರಿಗೆ ಹೇಳ್ಲಿ? ನನಗೆ ಗೊತ್ತಿರೋರೆಲ್ಲ
ಅದೇ ಭಜನೇಲಿ ಇದ್ರು.
ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ:
‘ಕೆಂಪಾಜಿ ತೀರಿಕೊಂಡಳು. ಏಳಕ್ಕೆ ಮಣ್ಣು.’

ಹಳಬರಿಗೆ ಹಳೇ ತಂತಿ ನೆನಪಾಯ್ತು.
ಹೊಸಬರಿಗೆ ಅವರು ಕಿವೀಲಿ ಊದಿದ್ರು.
ರಾತ್ರಿಯೊಳಗೆ ಮಂಡ್ಯದಿಂದ ಮಂಡಿ ಮೊಹಲ್ಲಾವರೆಗೂ
ಏಳಕ್ಕೆ ದುಡ್ಡು ಬಿತ್ತು. ನನಗೆ ಕೈಮುಗಿದ ಗೊಂಬೆ,
ಹೆಬ್ಬೆಟ್ಟು, ಹೆಬ್ಬೆಟ್ಟು, ಹೆಬ್ಬೆಟ್ಟು.

ಬೆಳಿಗ್ಗೆ ಏಳಕ್ಕೆ ಗುಂಡಿ ಹತ್ರ ಇದ್ದೋರು
ತೋಡಿದೋನು, ಆಟೋದೋನು,
ಮೂರು ಚಕ್ರದ ಗಾಡೀಲಿ, ಫೋನೇ ಇಲ್ಲದ ಪುಟ್ಟಲಿಂಗಮ್ಮ.
ಜೇಬಲ್ಲಿ ಟಣ್ ಅಂತು. ತೆಗ್ದು ನೋಡಿದೆ,
ಎರಡು ಗುಲಾಬಿ.

ಸೋತೋರು ಮನೆಗೆ ನುಗ್ಗಿ ಹೊಡೆದ್ರು.
ಗಲಾಟೆ ಬಿಡಿಸೋಕೆ ಅಂತ ನೀವು ಬಂದ್ರಿ,
ನಲವತ್ತು ವರ್ಷದಲ್ಲಿ ಸಿಗದೋನು ಹಿಂಗೆ ಸಿಕ್ದೆ.
ಫೋನು ತಡಕಾಡಿದ್ರಲ್ಲ, ಏನಿದೆ?
ಗುಲಾಬಿ ಇಲ್ಲ. ಅವಳೂ ಇಲ್ಲ.

ದಿಗಂತ ಎಲ್ಲಿದಾನೆ ಅಂತ ಆಮೇಲೆ ಹೇಳ್ತೀನಿ,
ಗೊತ್ತಿರೋಷ್ಟು. ಮೊದ್ಲು ಇದು ಬರ್ಕಳಿ:
ಕೆಂಪಾಜಮ್ಮ, ಅರವತ್ತಾರು ವರ್ಷ,
ನಿಜವಾಗ್ಲೂ ಸತ್ತಿದ್ದು.
ಕಾರ್ಬನ್ ಇಟ್ಟಿದೀರಾ?
ಒತ್ತಿ ಬರೀರಿ ಸ್ವಾಮಿ,
ಅಡಿ ಪ್ರತಿಗೂ ಮೂಡ್ಲಿ.