ಒಂಬತ್ತನೆಯ ಮೆಟ್ಟಿಲು

ಸತ್ತವರ ಮನೆ ಖಾಲಿ ಮಾಡುವುದು ನನ್ನ ಕಸುಬು.
ಮೂವತ್ತೊಂದು ವರ್ಷ. ಒಂದು ವ್ಯಾನು, ಎರಡು ಕಂಬಳಿ, ಒಂದು ಹಗ್ಗ.
ಹ್ಯಾಲಿಫ್ಯಾಕ್ಸಿನ ಏರುಬೀದಿಗಳಲ್ಲಿ
ನನ್ನ ಬೆನ್ನಿಗೆ ಪರಿಚಯವಿಲ್ಲದ ಬೀರು ಕಡಿಮೆ.
ಮಂಡಿ ಸವೆದ ಮೇಲೆ, ಮಂಗಳವಾರ ಸಂಜೆ,
ಲೈಬ್ರರಿಯ ಕಾದಂಬರಿ ತರಗತಿಗೆ ಸೇರಿಕೊಂಡೆ.
ನಿಜ ಹೇಳಬೇಕೆಂದರೆ
ಅಲ್ಲಿನ ಹೀಟರು ಚೆನ್ನಾಗಿತ್ತು.

ಇಟ್ಟಿಗೆಯಷ್ಟು ದಪ್ಪದ ಹಳೆಯ ಪುಸ್ತಕ.
ಉಣ್ಣೆ ಗಿರಣಿಯ ಯಜಮಾನ, ಬೋಳುಗುಡ್ಡದ ಮೇಲೆ ಅವನ ಮನೆ,
ಲೆಕ್ಕ ಬರೆಯಲು ಬಂದ ದೂರದ ನಂಟಿನ ಹುಡುಗಿ.
ಮಿಸ್ ಡಿಲ್ವರ್ತ್ ಕನ್ನಡಕ ಏರಿಸಿ ಕೇಳಿದಳು:
'ಗುಡ್ಡದ ಮೇಲಿನ ಆ ಗಾಳಿ
ಯಜಮಾನನ ಆತ್ಮವೇ ಅಲ್ಲವೆ?'
ಎಲ್ಲರೂ ತಲೆಯಾಡಿಸಿದರು.
ಹಲ್ಲಿನ ಡಾಕ್ಟರಾಗಿ ನಿವೃತ್ತನಾದ ಪರ್ಸಿವಲ್
'ಗಾಳಿ = ಆತ್ಮ' ಎಂದು ಬರೆದುಕೊಂಡು
ಅಡಿಗೆರೆ ಎಳೆದ. ಎರಡು ಸಲ.

ನನಗೆ ತಡೆಯಲಾಗಲಿಲ್ಲ.
ಗಾಳಿ ಯಾರಪ್ಪನ ಆಸ್ತಿಯೂ ಅಲ್ಲ ಮಿಸ್,
ಗುಡ್ಡದ ಮೇಲಿದ್ದರೆ ಪುಣ್ಯವಂತನ ಮನೆಗೂ ಬೀಸುತ್ತದೆ.
ಮೆಟ್ಟಿಲ ಹಾಸು ನೋಡಿ, ಎಪ್ಪತ್ತೆರಡನೇ ಪುಟ.
ಕೆಂಪು ರತ್ನಗಂಬಳಿ, ಹಿತ್ತಾಳೆ ಸರಳು,
ಹಜಾರದಲ್ಲಿ ನಿಂತವನ ಕಣ್ಣು ಎಲ್ಲಿಯವರೆಗೋ ಅಲ್ಲಿಯವರೆಗೆ.
ಒಂಬತ್ತನೆಯ ಮೆಟ್ಟಿಲಲ್ಲಿ ತಿರುವು.
ಆಮೇಲೆ ಬರಿ ಹಲಗೆ.
ಬರೆದವಳು ಒಂದೇ ಸಾಲಿನಲ್ಲಿ ಹೇಳಿ
ಏನೂ ಆಗದವಳಂತೆ ಮುಂದೆ ಹೋಗಿದ್ದಾಳೆ.

ಆ ಒಂಬತ್ತನೆಯ ಮೆಟ್ಟಿಲು ನನಗೆ ಗೊತ್ತು.
ಅದರ ಮೊಳೆ ಎಷ್ಟು ಮನೆಗಳಲ್ಲಿ ಕಿತ್ತಿದ್ದೇನೋ.

ಮೇಲೆ ಥಳುಕು ಒಳಗೆ ಹುಳುಕು
ಎಂದುಬಿಡುವಷ್ಟು ಸುಲಭವಲ್ಲ ಅದು.
ಕ್ರಾಬ್‌ಟ್ರೀ ಮುದುಕನ ಮನೆಗೆ ಹೋಗಿದ್ದೆ ಒಮ್ಮೆ,
ಚರ್ಚಿನ ಹಣದ ಪೆಟ್ಟಿಗೆ ನೋಡಿಕೊಳ್ಳುತ್ತಿದ್ದವನು,
ಚಹಾದೆಲೆ ಎಣಿಸುವ ಜಿಪುಣ ಎಂದು ಊರೆಲ್ಲ ಮಾತು.
ಮುಂದಿನ ಕೋಣೆ ಫಳಫಳ;
ಅಗ್ಗಿಷ್ಟಿಕೆಯಲ್ಲಿ ಎಂದೂ ಬೆಂಕಿ ಕಾಣದ ಇದ್ದಿಲು
ಒರೆಸಿ ಜೋಡಿಸಿಟ್ಟಿತ್ತು.
ಮಹಡಿಯಲ್ಲಿ ಕಬ್ಬಿಣದ ಮಂಚ, ಹೊದೆಯಲು ಓವರ್‌ಕೋಟು.
ತಲೆದಿಂಬಿನ ಪಕ್ಕ ಒಂದು ಜೊತೆ ಬೂಟು,
ನನ್ನ ಅಂಗೈಯೊಳಗೆ ಕೂರುವಷ್ಟು.
ಯಾರದೆಂದು ಕೇಳೋಣವೆಂದರೆ ಹೇಳುವವರು ಉಳಿದಿರಲಿಲ್ಲ.
ಬೂಟಿಗೆ ಆ ವಾರವೇ ಪಾಲಿಶ್ ಹಾಕಿತ್ತು.
ಉಳಿದದ್ದನ್ನೆಲ್ಲ ಹಿಂದೆ ತುಂಬಿದೆ,
ಅವನ್ನು ಮುಂದಿನ ಸೀಟಿನಲ್ಲಿಟ್ಟುಕೊಂಡು ಬಂದೆ.

ಅದಕ್ಕೇ ಆ ಗಿರಣಿ ಯಜಮಾನನನ್ನು
ಇನ್ನೂರನೇ ಪುಟದವರೆಗೂ ದ್ವೇಷಿಸಲು ಆಗಲಿಲ್ಲ ನನಗೆ.
ಹಲಗೆಯ ಮೇಲೆ ಏನಿದೆಯೋ ನೋಡೋಣ ಎಂದುಕೊಂಡೆ.

'ಹುಡುಗಿಯ ಕೋಣೆ?' ಮಿಸ್ ಡಿಲ್ವರ್ತ್ ಈಗ
ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದಳು.
ಅಟ್ಟದ ಕೋಣೆ. ಒಂದೇ ಕಿಟಕಿ.
ಕಿಟಕಿಯಾಚೆ ಗಿರಣಿಯ ಮಸಿ ಹಿಡಿದ ಗೋಡೆ.
ಆದರೂ ಕುರ್ಚಿಯನ್ನು ಅತ್ತಲೇ ತಿರುಗಿಸಿಟ್ಟಿದ್ದಾಳೆ.
'ಮೂವತ್ತನೇ ಅಧ್ಯಾಯದೊಳಗೆ ಮನೆ ಬಿಡುತ್ತಾಳೆ' ಎಂದೆ.
'ಮುಂದಕ್ಕೆ ಓದಿಬಿಟ್ಟಿರಾ ಮಿಸ್ಟರ್ ಆಕ್ರಾಯ್ಡ್?'
ಇಲ್ಲ. ನೆಲದ ಮೇಲೆ ಕುರ್ಚಿ ಕಾಲಿನ ಗೀರು ಇದೆಯಲ್ಲ,
ದಿನವೂ ಎಳೆದವಳದು.

(ಇಪ್ಪತ್ತೆಂಟರಲ್ಲೇ ಬಿಟ್ಟಳು.
ಪರ್ಸಿವಲ್ ನನಗೊಂದು ಬಿಸ್ಕತ್ತು ಬಾಕಿ.)

ರಾತ್ರಿ ಮನೆಗೆ ಬಂದು ದೀಪ ಹಾಕಿದೆ.
ಯಾರಾದರೂ ಬಂದು ನನ್ನನ್ನು ಓದಿದರೆ?
ಒಂದು ತಟ್ಟೆ. ಗ್ಯಾಸ್ ಬಿಲ್ಲಿನ ಹಿಂದೆ ಬರೆದ ದಿನಸಿ ಪಟ್ಟಿ.
ಕೋಟಿನ ಗೂಟದಲ್ಲಿ
ತೆಗೆಯಬೇಕು ತೆಗೆಯಬೇಕು ಎಂದುಕೊಂಡೇ
ಉಳಿದುಹೋದ ನೀಲಿ ಸ್ಕಾರ್ಫು.

ಮೆಟ್ಟಿಲು ಹತ್ತಿದೆ, ಮಂಡಿ ಹಿಡಿದು, ಎಣಿಸುತ್ತ.
ಎಂಟು. ಒಂಬತ್ತು. ತಿರುವು.
ಕಾಲಡಿ ಮೆತ್ತಗೇ ಇತ್ತು, ಕೊನೆಯ ಹದಿಮೂರರವರೆಗೂ.

ಅಂಗಡಿಯಲ್ಲಿ ಜಗಳವಾಡಿದ್ದೆ ಆವತ್ತು,
ಇನ್ನೂ ನಾಲ್ಕು ಗಜ ಯಾಕೆ ದಂಡ,
ಅಲ್ಲಿ ಮೇಲೆ ಯಾರು ನೋಡುತ್ತಾರೆ ಎಂದು.
ಮ್ಯೂರಿಯಲ್ ಪರ್ಸು ತೆಗೆದು
ನೋಟು ಎಣಿಸುತ್ತಲೇ ಅಂದಿದ್ದಳು:
'ನಾನು.'